ಹುಲಿಗೆಮ್ಮ ಹುಡುಕಿದ ಸೂಜಿ

ನಾನೊಂದು ಪುಸ್ತಕ. ಇಂಗ್ಲಿಷಿನ ನುಡಿಗಟ್ಟುಗಳಿಗೆ ಕನ್ನಡದಲ್ಲಿ ಅರ್ಥ ಹೇಳುವುದು ನನ್ನ ಕಸುಬು. ಗದಗಿನ ಮುದ್ರಣಾಲಯವೊಂದರಲ್ಲಿ ಹುಟ್ಟಿದೆ. ಬಹಳ ವರ್ಷ ಗಂಗಾವತಿಯ ಕಾಲೇಜು ಮೇಷ್ಟ್ರು ಗವಿಸಿದ್ದಪ್ಪನವರ ಮೇಜಿನ ಮೇಲಿದ್ದೆ. ನಿವೃತ್ತರಾದಾಗ ಅವರು ನನ್ನನ್ನು ಆನೆಗೊಂದಿಯ ಹುಲಿಗೆಮ್ಮನಿಗೆ ಕೊಟ್ಟರು. ಆಕೆ ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು, ಬಿಡುವಿನಲ್ಲಿ ಹಳೆ ಬಟ್ಟೆಯಿಂದ ಕೌದಿ ಹೊಲಿಯುವ ಹೆಂಗಸು.

"ಬಿಡಿ ಬಿಡಿ ಪದ ನಿನಗ ಗೊತ್ತವ ತಂಗಿ. ಅವು ಕೂಡಿದಾಗ ಅರ್ಥ ಬ್ಯಾರೆ ಆಗ್ತೈತಿ. ಇದನ್ನ ಇಟ್ಕೋ," ಅಂದಿದ್ದರು.

ಒಂದು ಬೆಳಿಗ್ಗೆ ಮೂರನೇ ಕೋಣೆಯ ಹೇಜಲಮ್ಮ ಬಾಗಿಲಿಗೆ ಬಂದು ನಿಂತರು. ಇಂಗ್ಲೆಂಡಿನವರು, ಎಪ್ಪತ್ತರ ಹತ್ತಿರದ ವಯಸ್ಸು, ಒಂಟಿಯಾಗಿ ಬಂದವರು; ಹೆಸರಿಗೆ 'ಅಮ್ಮ' ಸೇರಿಸಿದ್ದು ಹುಲಿಗೆಮ್ಮನೇ. ಎಡಗೈ ತಿಕ್ಕಿಕೊಳ್ಳುತ್ತ, "ಪಿನ್ಸ್ ಅಂಡ್ ನೀಡಲ್ಸ್" ಅಂದರು.

ಹುಲಿಗೆಮ್ಮನಿಗೆ ತಿಳಿದದ್ದು ಗುಂಡುಸೂಜಿ, ಸೂಜಿ ಎಂಬೆರಡೇ ಪದ. ಆ ಕೋಣೆಯ ಕೌದಿಗೆ ಅಂಚು ಹೊಲಿದದ್ದು ಹಿಂದಿನ ದಿನವೇ. ಸೂಜಿ ಅದರೊಳಗೇ ಉಳಿಯಿತೇ? ಕೌದಿಯನ್ನು ಅಂಗಳಕ್ಕೆ ಎಳೆದು ತಂದು, ಬಿಸಿಲಿಗೆ ಹರವಿ, ಹೊಲಿಗೆ ಹೊಲಿಗೆಯನ್ನೂ ಬೆರಳಲ್ಲಿ ತಡವಿದಳು. ಸೂಜಿ ಸಿಗಲಿಲ್ಲ. ಡಬ್ಬಿ ಸುರಿದು ನೋಡಿದಳು. ಸೂಜಿಗಳೆಲ್ಲ ಅಲ್ಲೇ ಇದ್ದವು. ಅಷ್ಟೊತ್ತಿಗಾಗಲೇ ಅರ್ಧ ತಾಸು ಹೋಗಿತ್ತು.

ಆಮೇಲೆ ನನ್ನ ನೆನಪಾಯಿತು. ಪುಟ ತಿರುವಿದಳು. ನನ್ನಲ್ಲಿ ಎರಡು ಸಾಲುಗಳಿದ್ದವು. ಮೊದಲಿಗೆ 'ಆನ್' ಇದ್ದರೆ ಚಡಪಡಿಕೆ, ಕಾತರ. ಇಲ್ಲದಿದ್ದರೆ ಕೈಕಾಲಿಗೆ ಜೋಮು ಹಿಡಿಯುವುದು. ಹೇಜಲಮ್ಮ 'ಆನ್' ಅಂದಿದ್ದರೇ? ನನಗೆ ಬಾಯಿಲ್ಲ. ಹುಲಿಗೆಮ್ಮ ಎದ್ದು ಓಡಿ, ತನ್ನದೇ ಎಡಗೈ ಮುಟ್ಟಿ ತೋರಿಸಿ ಕೇಳಿದಳು. ಅವರು ಹೌದೆಂದು ತಲೆಯಾಡಿಸಿದರು. ಬಾಯಿಯ ಎಡತುದಿ ಜೋತುಬಿದ್ದಿತ್ತು.

ಅವಳ ತಾಯಿಗೆ ಲಕ್ವ ಹೊಡೆದಾಗಲೂ ಬಾಯಿ ಹೀಗೇ ವಾಲಿತ್ತು.

ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವರನ್ನು ಎದುರುಮನೆಯ ಖಾಜಾಸಾಬನ ಆಟೋ ಹತ್ತಿಸಿದಳು. ದಾರಿಯಲ್ಲಿ ಹೇಜಲಮ್ಮ ಬೇಡವೆಂದು ಕೈಯಾಡಿಸಿ, ತೊದಲುತ್ತ, "ರೈಟ್ ಆಸ್ ರೈನ್" ಅಂದರು.

"ಮಳಿ ಬರ್ತೈತಿ ಅಂತಾರೇನಕ್ಕಾ?" ಖಾಜಾಸಾಬ ಆಟೋ ನಿಧಾನ ಮಾಡಿದ.

ಹುಲಿಗೆಮ್ಮ ಪುಟ ಹುಡುಕಿದಳು. 'ಪೂರ್ತಿ ಆರೋಗ್ಯವಾಗಿರುವುದು' ಎಂದಿತ್ತು. ಅರ್ಥ ಸರಿಯಾಗಿಯೇ ಇತ್ತು. ಆಕೆ ನನ್ನನ್ನು ಫಟ್ಟನೆ ಮುಚ್ಚಿದಳು.

"ಆರಾಮದೀನಿ ಅಂತಾರ. ಆ ಮಾತು ಬಿಡು, ಅವರ ಮಾರಿ ನೋಡು. ಜೋರು ಹೊಡಿಯಪ್ಪಾ!"

ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ: "ಎಷ್ಟೊತ್ತಿಗೆ ಶುರುವಾಯ್ತು?"

ಅವಳು ನಿಜ ಹೇಳಿದಳು. ಸೂಜಿ ಹುಡುಕಿದ ಅರ್ಧ ತಾಸನ್ನೂ ಸೇರಿಸಿ ಹೇಳಿದಳು. ಡಾಕ್ಟರು ಗಡಿಯಾರ ನೋಡಿ, "ಔಷಧ ಕೊಡಾಕ ಇನ್ನೂ ವೇಳೆ ಐತಿ" ಅಂದು ಒಳಗೆ ಹೋದರು. ಮಧ್ಯಾಹ್ನದವರೆಗೂ ಆಕೆ ಬೆಂಚಿನ ಮೇಲೆ ನನ್ನ ರಟ್ಟನ್ನು ಹಿಚುಕುತ್ತ ಕೂತಿದ್ದಳು.

ಹೇಜಲಮ್ಮ ಉಳಿದರು. ಮಾತು ಮರಳಿತು. ಎಡಗೈಯ ಎರಡು ಬೆರಳು ಮಾತ್ರ ಮಡಚಲು ಬರಲಿಲ್ಲ. ಊರಿಗೆ ಹೊರಡುವ ದಿನ ಹುಲಿಗೆಮ್ಮ ಆ ಬೆರಳುಗಳನ್ನು ಹಿಡಿದು ಅತ್ತಳು.

ಈಗ ನನ್ನ ಬೆನ್ನು ಬಿಚ್ಚಿದೆ, ಹಾಳೆಗಳಿಗೆ ಹುಳು ಬಿದ್ದಿದೆ. ಗೂಡಿನಲ್ಲಿ ಕೂತು ನೋಡುತ್ತಿರುತ್ತೇನೆ. ಯಾರಾದರೂ ಮುಖ ಬಾಡಿಸಿಕೊಂಡು ಬಂದರೆ ಹುಲಿಗೆಮ್ಮ ನನ್ನ ಕಡೆ ಕೈಚಾಚುವುದಿಲ್ಲ. ಮೊದಲು ಹತ್ತಿರ ಹೋಗಿ, ಅವರ ಮುಖ ನೋಡಿ, "ಎಲ್ಲಿ? ತೋರ್ಸ್ರಿ" ಅನ್ನುತ್ತಾಳೆ. ನನಗೇನೂ ಬೇಸರವಿಲ್ಲ. ಮುಖ ಹೇಳುವ ಅರ್ಥ ನನ್ನ ಯಾವ ಪುಟದಲ್ಲೂ ಇರಲಿಲ್ಲ.