ಒಳಗಿನಿಂದ ತೆಗೆಯುವ ಬಾಗಿಲು

ಮಾರಲು ಹೊರಟ ದಿನವೂ ತೋರ್ಗುನ್ ಆ ಹಳೆಯ ಜೀಪಿಗೆ ಎಂದಿನ ಉಪಚಾರವನ್ನೆಲ್ಲ ಮಾಡಿದಳು. ಬ್ಯಾಟರಿಯನ್ನು ಹಿಂದಿನ ಸಂಜೆಯೇ ಬಿಚ್ಚಿ ತಂದು ಒಲೆಯ ಪಕ್ಕ ಇಟ್ಟಿದ್ದಳು. ಬೆಳಿಗ್ಗೆ ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋಗಿ ಅದರ ಜಾಗದಲ್ಲಿ ಕೂರಿಸಿದಳು. ಬಾಗಿಲಿನ ರಬ್ಬರ್ ಅಂಚುಗಳು ಹಿಮಗಟ್ಟಿ ಅಂಟಿಕೊಳ್ಳದಿರಲಿ ಎಂದು ಗ್ಲಿಸರಿನ್ ಸವರಿದಳು. ಕೊನೆಗೆ ಮೊಣಕಾಲೂರಿ ಮುಂದಿನ ಎರಡು ಚಕ್ರಗಳ ಹಬ್ ಬಿಗಿದಳು. ಹಳೆಯ ಗಾಡಿಗಳ ಹಣೆಬರಹವೇ ಅದು. ಈಗಿನವುಗಳಂತೆ ಒಳಗೆ ಕೂತು ಗುಂಡಿ ಒತ್ತಿದರೆ ನಾಲ್ಕು ಚಕ್ರವೂ ಎಳೆಯುವುದಿಲ್ಲ. ಇಳಿದು, ಚಕ್ರದ ನಡುವಿನ ಬಿರಡೆಯನ್ನು ‘ಟಕ್’ ಅನ್ನುವ ತನಕ ಕೈಯಿಂದ ತಿರುಗಿಸಬೇಕು. ಎರಡರಲ್ಲಿ ಒಂದು ಸಡಿಲವಿದ್ದರೂ ಮುಂದಿನ ಚಕ್ರಗಳು ಇದ್ದೂ ಇಲ್ಲದಂತೆ.

ಎಡಗಡೆಯದು ಟಕ್ ಎಂದಿತು. ಬಲಗಡೆಯದೂ ಎಂದಿತು. ಆದರೂ ಅವಳಿಗೆ ಬಲಗಡೆಯದರ ಮೇಲೆ ನಂಬಿಕೆಯಿರಲಿಲ್ಲ. ಎಷ್ಟು ಬಿಗಿದು ಹೊರಟರೂ, ಹೋದಲ್ಲಿ ಇಳಿದು ನೋಡಿದರೆ ಆ ಬಿರಡೆ ಅರ್ಧಕ್ಕೆ ತಿರುಗಿ ನಿಂತಿರುತ್ತಿತ್ತು. ಬಿಚ್ಚಿ ತೊಳೆದಿದ್ದಳು, ಸ್ಪ್ರಿಂಗ್ ಬದಲಿಸಿದ್ದಳು, ಹೊಸ ಗ್ರೀಸ್ ತುಂಬಿದ್ದಳು. ಗ್ಯಾರೇಜಿನವನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಯಾವ ಐಬೂ ಇಲ್ಲ ಎಂದಿದ್ದ.

ಐಲರ್ಟ್ ಹೋದಾಗಲೂ ಅದು ಹಾಗೇ ಇತ್ತು.

ಎರಡು ಚಳಿಗಾಲದ ಹಿಂದೆ ಅವಳ ಗಂಡ ಐಲರ್ಟ್ ಇದೇ ಜೀಪಿನಲ್ಲಿ ಒಬ್ಬನೇ ಘಟ್ಟ ಹತ್ತಿದ್ದ. ಬಿರುಗಾಳಿಗೆ ಘಟ್ಟದ ದಾರಿ ಮುಚ್ಚುವ ಗೇಟು ಹಾಕುವ ಮೊದಲೇ ಗಾಳಿ ಎದ್ದಿತ್ತು. ಮರುದಿನ ಜೀಪು ಸಿಕ್ಕಿತು, ಡೀಸೆಲ್ ಪೂರ್ತಿ ಉರಿದು ಮುಗಿದಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು. ಎಡ ಹಬ್ ಬಿಗಿದಿತ್ತು, ಬಲದ್ದು ಅರ್ಧ. ಅವನು ಸಿಕ್ಕಿದ್ದು ಮಾತ್ರ ಹಿಮ ಕರಗಿದ ಮೇಲೆ, ಕೆಳಗಿನ ಇಳಿಜಾರಿನಲ್ಲಿ. ಬೆಚ್ಚಗಿನ ಗಾಡಿ ಬಿಟ್ಟು ಬಿರುಗಾಳಿಯಲ್ಲಿ ಇಳಿಯಬಾರದೆಂದು ಇಲ್ಲಿ ನಡೆಯಲು ಕಲಿತ ಮಕ್ಕಳಿಗೂ ಗೊತ್ತು. ಇಳಿದನೇ ಸರಿ, ತಿರುಗಿ ಬಂದು ಹತ್ತಲಿಲ್ಲವೇಕೆ? ಊರಿನವರು ಅವಳ ಎದುರಿಗೆ ಹಾಗೆ ಕೇಳಲಿಲ್ಲ. ಆದರೆ ಅಂಗಡಿಯಲ್ಲಿ ಅವಳು ಕಾಲಿಟ್ಟ ಕೂಡಲೇ ಮಾತು ಹವಾಮಾನದ ಕಡೆಗೆ ಹೊರಳುತ್ತಿತ್ತು.

ಅವರಿಗೆ ಗೊತ್ತಿರದ ಸಂಗತಿಯೊಂದು ಅವಳಿಗೆ ಗೊತ್ತಿತ್ತು. ಆ ಬೆಳಿಗ್ಗೆ ಅವರಿಬ್ಬರ ನಡುವೆ ಜಗಳವಾಗಿತ್ತು. ಕಾರಣವೂ ದೊಡ್ಡದಲ್ಲ. ಜೀಪಿನ ಬಲಬದಿಯ ಬಾಗಿಲಿನ ಹೊರಗಿನ ಹಿಡಿ ಎಂದೋ ಕೆಟ್ಟುಹೋಗಿತ್ತು. ಒಳಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತು. ಮಾಡಿಸುತ್ತೇನೆ ಮಾಡಿಸುತ್ತೇನೆ ಎಂದು ಐಲರ್ಟ್ ವರ್ಷಗಳನ್ನೇ ತಳ್ಳಿದ್ದ. ಇಲ್ಲಿನ ಗಾಡಿಗಳಲ್ಲಿ ಓಡಿಸುವವರ ಜಾಗ ಎಡಕ್ಕೆ; ಬಲಬದಿಗೆ ಯಾವತ್ತೂ ಕೂರುವವಳು ತೋರ್ಗುನ್. ಅವನು ಆ ಕಡೆಯಿಂದ ಬಂದು, ಕಟ್ಟಿಗೆಯನ್ನೋ ಮೀನಿನ ಡಬ್ಬಿಯನ್ನೋ ಹಿಡಿದು, ಅಂಗೈಯಿಂದ ಎರಡು ಸಲ ತಟ್ಟುವನು, ಒಂದು ಗಳಿಗೆ ಬಿಟ್ಟು ಇನ್ನೊಂದು ಸಲ. ಅವಳು ತೆಗೆಯುವಳು. ಆ ಬೆಳಿಗ್ಗೆ ಅವಳಿಗೆ ರೋಸಿಹೋಗಿತ್ತು. ನಾನು ನಿನ್ನ ಬಾಗಿಲು ಕಾಯೋಕೆ ಹುಟ್ಟಿದವಳಲ್ಲ, ಇವತ್ತು ಬರಲ್ಲ, ಹೋಗು, ಬೇಕಾದರೆ ಅಲ್ಲೇ ಇರು ಎಂದುಬಿಟ್ಟಿದ್ದಳು. ಅವನು ಟೋಪಿ ಹಾಕಿಕೊಂಡು ಹೋಗಿದ್ದ.

ಹೆಂಗಸೊಬ್ಬಳು ಸಿಟ್ಟಿನಲ್ಲಿ ಆಡಿದ ಮಾತು ಅವಳ ಬಾಯಿಂದ ಹೊರಬಿದ್ದಷ್ಟೇ ಬೇಗ ಆರಿಹೋಗುತ್ತದೆ. ಕೇಳಿಸಿಕೊಂಡವನು ತಿರುಗಿ ಬರದಿದ್ದರೆ ಮಾತ್ರ ಅದು ಆರುವುದೇ ಇಲ್ಲ. ‘ಅಲ್ಲೇ ಇರು’ ಎಂದ ತನ್ನ ಮಾತನ್ನೇ ಅವನು ಪಾಲಿಸಿದನೇ? ಪಾತ್ರೆ ತೊಳೆಯುವಾಗ, ಹಾಸಿಗೆ ಹಾಸುವಾಗ ಅವಳಿಗೆ ಇದೊಂದೇ ಯೋಚನೆ. ಅಂಗಳದಲ್ಲಿ ನಿಂತ ಜೀಪು ದಿನವೂ ಅದನ್ನೇ ಕೇಳುತ್ತಿದ್ದಂತಿತ್ತು. ಅದಕ್ಕೇ ಮಾರುತ್ತಿದ್ದಳು.

ಘಟ್ಟದ ಬುಡದಲ್ಲಿ ಗೇಟು ಹಾಕಿತ್ತು. ಹಗಲೇ ಆದರೂ ಉತ್ತರದ ಈ ತುದಿಯಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಸೂರ್ಯ ಹುಟ್ಟುವುದಿಲ್ಲ. ಹಿಮದ ಮೇಲೆ ನೀಲಿ ಮಬ್ಬು ಮಾತ್ರ. ಗಾಳಿಯ ದಿನ ಗಾಡಿಗಳನ್ನು ಹಿಮ ತಳ್ಳುವ ಲಾರಿಯ ಹಿಂದೆ ಸಾಲಾಗಿ ಬಿಡುತ್ತಾರೆ. ಸಾಲಿನ ಕೊನೆಗೆ ಒಂದು ಕಾವಲು ಗಾಡಿ. ಅದನ್ನು ಓಡಿಸುವವಳು ಅಸ್ಲೌಗ್, ಐಲರ್ಟನ ತಂಗಿ. ಎರಡು ವರ್ಷದಲ್ಲಿ ಅವಳು ತೋರ್ಗುನ್‌ಳ ಮನೆಗೆ ಕಾಫಿಗೆ ಬಂದಿರಲಿಲ್ಲ.

ಅಸ್ಲೌಗ್ ಕಿಟಕಿಗೆ ಬಗ್ಗಿದಳು. “ಅಂತೂ ಈ ಮುದುಕಪ್ಪನ್ನ ಸಾಗ್‌ಹಾಕ್ತಿದೀಯ?”

“ಆ ಕಡೆ ಊರಿನ ಹುಡುಗ ತಗೋತಾನಂತೆ. ಪೆಟ್ರೋಲ್ ಬಂಕ್ ಹತ್ರ ಕಾಯ್ತಿರ್ತಾನೆ.”

“ಕಣ್ಣಿಲ್ವೇನೋ ಪಾಪ.” ಅಸ್ಲೌಗ್ ನಗಲಿಲ್ಲ. “ಸಾಲಿನ ಕೊನೇಗೆ ನಿಲ್ಲು, ನನ್ನ ಮುಂದೆ. ಏನೇ ಆದ್ರೂ ಇಳೀಬೇಡ ಕಣೇ. ನಮ್ಮ ಮನೇಲಿ ಇಳಿದೋರು ಒಬ್ರು ಸಾಕು.”

ತೋರ್ಗುನ್ ಗಾಜು ಏರಿಸಿಕೊಂಡಳು.

ಮೇಲೇರಿದಂತೆ ದಾರಿಯೂ ಆಕಾಶವೂ ಒಂದಾದವು. ಉಳಿದದ್ದು ಮುಂದಿನ ಗಾಡಿಯ ಎರಡು ಕೆಂಪು ದೀಪ. ಹಿಂದೆ ಅಸ್ಲೌಗ್‌ಳ ಗಾಡಿಯ ದೀಪ ಒಮ್ಮೆ ಕಾಣುವುದು, ಒಮ್ಮೆ ಇಲ್ಲ. ಗಾಳಿ ಎಡಬದಿಯಿಂದ ಬೀಸಿ ಜೀಪನ್ನು ಭುಜ ಕೊಟ್ಟು ತಳ್ಳುತ್ತಿತ್ತು. ನೆತ್ತಿಯ ಹತ್ತಿರ ಸಾಲು ನಿಂತಿತು. ಹಿಮ ಚಕ್ರಗಳ ಸುತ್ತ ತುಂಬಿಕೊಳ್ಳತೊಡಗಿತು. ಕೆಂಪು ದೀಪಗಳು ಮತ್ತೆ ಕದಲಿದಾಗ ಅವಳು ಕ್ಲಚ್ ಬಿಟ್ಟಳು. ಹಿಂದಿನ ಚಕ್ರಗಳು ನಿಂತಲ್ಲೇ ಸುತ್ತಿದವು. ಜೀಪು ಅಲುಗಲಿಲ್ಲ.

ನೋಡದೆಯೇ ಗೊತ್ತಾಯಿತು. ಬಲಗಡೆಯದು ಅರ್ಧಕ್ಕೆ ತಿರುಗಿದೆ.

ಅವಳ ಕೈ ತಾನಾಗಿ ಎಡಬಾಗಿಲಿಗೆ ಹೋಯಿತು. ತಳ್ಳಿದಳು. ಗಾಳಿ ಆ ಕಡೆಯಿಂದ ಒತ್ತಿ ಹಿಡಿದಿತ್ತು. ಎರಡು ಬೆರಳಿನಷ್ಟು ತೆರೆದು ಮತ್ತೆ ಧಡ್ಡನೆ ಮುಚ್ಚಿಕೊಂಡಿತು. ಐಲರ್ಟ್ ಗಾಳಿ ಕೊಂಚ ತಗ್ಗಿದಾಗ ಇಳಿದಿರಬೇಕು. ಎಡ ಹಬ್ ಬಿಗಿದಿರಬೇಕು. ಮುಂಬದಿಯಿಂದ ಸುತ್ತಿ ಬಂದು ಬಲದ್ದಕ್ಕೆ ಕೈ ಹಾಕಿದಾಗ ಗಾಳಿ ಮತ್ತೆ ಎದ್ದಿರಬೇಕು. ಆಮೇಲೆ?

ಮುಂದಿನ ಬಲ ಚಕ್ರದಿಂದ ಸದ್ದು ಬಂತು. ಟಕ್.

ಅಷ್ಟು ಗಾಳಿಯಲ್ಲಿ ಅದು ಕೇಳಬಾರದಿತ್ತು. ಆದರೆ ಕೇಳಿತು. ಕಿವಿಗಿಂತ ಹೆಚ್ಚಾಗಿ ಸ್ಟಿಯರಿಂಗ್ ಹಿಡಿದ ಅಂಗೈಗೆ ಕೇಳಿತು. ಮುಂದಿನ ಚಕ್ರಗಳು ಹಿಮವನ್ನು ಕಚ್ಚಿದವು, ಜೀಪು ಒಂದು ಮೊಳ ಮುಂದೆ ಬಂತು. ಈಗ ಆಕ್ಸಿಲರೇಟರ್ ಒತ್ತಿದರೆ ಸಾಕಿತ್ತು. ಕೆಂಪು ದೀಪಗಳು ಇನ್ನೂ ಕಾಣುತ್ತಿದ್ದವು, ಮಸುಕಾಗುತ್ತ.

ಆಗ ಬಲಬಾಗಿಲನ್ನು ಯಾರೋ ತಟ್ಟಿದರು. ಅಂಗೈಯಿಂದ. ಎರಡು ಸಲ. ಒಂದು ಗಳಿಗೆ ಬಿಟ್ಟು, ಇನ್ನೊಂದು ಸಲ.

ಅವಳು ಆ ಕಡೆ ತಿರುಗಿದಳು. ಗಾಜಿನ ಆಚೆ ಬಿಳಿ ಬಿಟ್ಟು ಏನಿಲ್ಲ. ಒಂದು ಕ್ಷಣ ಅವಳು ಹೊರಟೇಬಿಡುತ್ತಿದ್ದಳು. ಆಕ್ಸಿಲರೇಟರಿನ ಮೇಲೆ ಕಾಲು ಊರಿಯೂ ಆಗಿತ್ತು. ಅಷ್ಟರಲ್ಲಿ, ಎರಡು ಚಳಿಗಾಲದಿಂದ ಕಣ್ಣ ಮುಂದೆಯೇ ಇದ್ದದ್ದು ಅವಳಿಗೆ ಕಂಡಿತು. ಎಡಬಾಗಿಲನ್ನು ಗಾಳಿ ಬಿಡುವುದಿಲ್ಲ. ಗಾಳಿಗೆ ಮರೆಯಿರುವುದು ಬಲಕ್ಕೆ. ಚಳಿಗೆ ಬುದ್ಧಿ ಮಂಕಾದ ಮನುಷ್ಯ ಬಲಕ್ಕೇ ಬರುತ್ತಾನೆ, ವರ್ಷಗಟ್ಟಲೆ ಬಂದ ಹಾಗೆ. ತಟ್ಟುತ್ತಾನೆ. ಒಳಗೆ ಹೆಂಡತಿ ಇದ್ದಾಳೆಂದೇ ತಟ್ಟುತ್ತಾನೆ.

ಎಷ್ಟು ಹೊತ್ತು ತಟ್ಟಿದ್ದನೋ.

ಮತ್ತೆ ಸದ್ದಾಯಿತು, ಈ ಸಲ ಮೆಲ್ಲಗೆ. ಕೆಂಪು ದೀಪಗಳು ಹೋಗಿದ್ದವು. ತೋರ್ಗುನ್ ಬ್ರೇಕ್ ಎಳೆದು, ಪಕ್ಕದ ಸೀಟಿನ ಮೇಲೆ ಪೂರ್ತಿ ಬಾಗಿ, ಒಳಗಿನ ಹಿಡಿ ಎತ್ತಿ ಬಾಗಿಲು ತಳ್ಳಿದಳು.

ಹಿಮ ಸುತ್ತಿ ಒಳನುಗ್ಗಿತು. ಅವಳ ಮುಖಕ್ಕೆ, ಮಡಿಲಿಗೆ, ಗೇರಿನ ಕೋಲಿಗೆಲ್ಲ ಎರಚಿತು. ಯಾರೂ ಇರಲಿಲ್ಲ. ಅವಳು ಬಾಗಿಲು ಹಿಡಿದುಕೊಂಡೇ ಇದ್ದಳು, ದೊಡ್ಡ ಮೈಯ ಗಂಡಸೊಬ್ಬ ಬೂಟಿನ ಹಿಮ ಕೊಡವಿ ಹತ್ತಿ ಕೂರಲು ಬೇಕಾಗುವಷ್ಟು ಹೊತ್ತು. ಆಮೇಲೆ ಮುಚ್ಚಿದಳು. ಒಳಗೆ ಡೀಸೆಲ್ ಮತ್ತು ಒದ್ದೆ ಉಣ್ಣೆಯ ವಾಸನೆ ಹರಡಿತು. ಅವಳು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ದಾರಿಬದಿಯ ಕಂಬಗಳನ್ನು ಒಂದೊಂದಾಗಿ ಹುಡುಕುತ್ತ ಹೋದಳು; ತುಸು ಹೊತ್ತಿಗೆ ಕೆಂಪು ದೀಪಗಳು ಮತ್ತೆ ಕಂಡವು.

ಆ ಬದಿಯ ಗೇಟಿನಲ್ಲಿ ಗಾಳಿಯಿರಲಿಲ್ಲ. ಅಸ್ಲೌಗ್ ಕಾವಲು ಗಾಡಿ ನಿಲ್ಲಿಸಿ ದುಮುಗುಟ್ಟುತ್ತ ಬಂದಳು. ನೆತ್ತಿಯ ಮೇಲೆ ಜೀಪಿನೊಳಗೆ ದೀಪ ಹತ್ತಿದ್ದು ಅವಳಿಗೆ ಕಂಡಿತ್ತು. ಬಾಗಿಲು ಯಾಕೆ ತೆಗೆದೆ, ನಿನಗೂ ಜೀವ ಬೇಡವಾಗಿತ್ತಾ ಎಂದು ಬೈದಳು.

“ತಟ್ಟಿದ್ರು,” ಎಂದಳು ತೋರ್ಗುನ್. “ತೆಗೆದೆ.”

ಅಸ್ಲೌಗ್ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಒಳಗೆ ಇಣುಕಿದಳು. ನೆಲದ ಮೇಲೆ, ಡ್ಯಾಶ್‌ಬೋರ್ಡಿನ ಮೇಲೆ, ತೋರ್ಗುನ್‌ಳ ಮಡಿಲಿನಲ್ಲಿ ಹಿಮ ಬಿದ್ದಿತ್ತು. ಬಲಗಡೆಯ ಸೀಟಿನ ಮೇಲೆ ಮಾತ್ರ ಒಂದು ಹರಳೂ ಇರಲಿಲ್ಲ. ಅವಳು ಸುತ್ತಿ ಬಂದು ಬಲಬಾಗಿಲಿನ ಹಿಡಿ ಎಳೆದಳು. ಮತ್ತೆ ಎಳೆದಳು.

ತೋರ್ಗುನ್ ಬಾಗಿ ಒಳಗಿನಿಂದ ತೆಗೆದಳು.

“ಇದು ಹೊರಗಿಂದ ಬರಲ್ವಾ?” ಅಸ್ಲೌಗ್‌ಳ ದನಿ ಬೇರೆಯಾಗಿತ್ತು.

“ಯಾವತ್ತೂ ಬರ್ತಿರ್ಲಿಲ್ಲ. ಯಾವಾಗ್ಲೂ ನಾನು ತೆಗೀತಿದ್ದೆ.”

ಅಸ್ಲೌಗ್ ಬಾಗಿಲಿನ ಹೊರಮೈಯನ್ನು ಕೈಗವಸಿನಿಂದ ಸವರಿದಳು, ಅಲ್ಲಿ ಏನೋ ಬರೆದಿದ್ದಂತೆ. “ಅಂದ್ರೆ ಅವನು ಬೇಕಂತ ಬಿಟ್ಟು ಹೋಗ್ಲಿಲ್ಲ,” ಎಂದಳು. “ಇಲ್ಲೇ ನಿಂತಿದ್ದ.”

ಬಂಕಿನ ದೀಪದ ಕೆಳಗೆ ಹುಡುಗ ಕೈ ಉಜ್ಜಿಕೊಳ್ಳುತ್ತ ಕಾಯುತ್ತಿದ್ದ. ಅಸ್ಲೌಗ್ ಅತ್ತ ಕೈ ತೋರಿಸಿದಳು.

“ಕಾಯ್ಲಿ,” ಎಂದಳು ತೋರ್ಗುನ್. “ಮೊದಲು ಈ ಹಿಡಿ ಮಾಡಿಸ್ಬೇಕು. ಫ್ಲಾಸ್ಕಲ್ಲಿ ಕಾಫಿ ಇದೆ, ಬಾ, ಹತ್ತು.”

ಅಸ್ಲೌಗ್ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಒಣಗಿದ್ದ ಆ ಸೀಟನ್ನು ನೋಡಿದಳು. ಕಾಲು ಹಿಂದಕ್ಕೆ ತೆಗೆದಳು.

“ನಾನು ಹಿಂದೆ ಕೂತ್ಕೋತೀನಿ,” ಎಂದು ಬಲಬಾಗಿಲನ್ನು ಮೆತ್ತಗೆ ಮುಚ್ಚಿದಳು.