ವಿರುದ್ಧ ಇರುವವರು

ಬೆಸಸಂಖ್ಯೆ ಬರಲಿ ಎಂದುಕೊಳ್ಳುತ್ತಲೇ ಲಮಾಂಟ್ ಟಟಲ್ ಚೀಟಿಗಳ ಬಟ್ಟಲಿಗೆ ಕೈ ಹಾಕಿದ. ಬಂದ ಚೀಟಿಯಲ್ಲಿದ್ದದ್ದು ಎರಡು.

ಚರ್ಚಿನ ವಿಚಾರಣೆಯಲ್ಲಿ ಸಮಸಂಖ್ಯೆ ಬಂದವರು ಆಪಾದಿತನ ಪರ ನಿಲ್ಲಬೇಕು, ಅವನಿಗೆ ಅವಮಾನ ಅನ್ಯಾಯ ಆಗದಂತೆ ನೋಡಿಕೊಳ್ಳಬೇಕು. ನೂರೈವತ್ತು ವರ್ಷದ ಹಿಂದೆ ಅಮೆರಿಕದ ಮಾರ್ಮನ್ ಕ್ರೈಸ್ತ ಪಂಥದ ಹಿರಿಯರು ಮಾಡಿದ ನಿಯಮ. ಆ ಹಿರಿಯರ ಸಭಾನಡವಳಿಗಳನ್ನು ಓದಿ ಪ್ರತಿ ಮಾಡುವುದೇ ಲಮಾಂಟನ ಉದ್ಯೋಗ. ಅದರ ಬಗ್ಗೆ ಅವನಿಗಿಂತ ಹೆಚ್ಚು ಬಲ್ಲವರು ಆ ಭಾನುವಾರ ಬೆಳಿಗ್ಗೆ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಎದುರಿಗೆ ಆಪಾದಿತ ಆರ್ವಲ್ ಸ್ಟೆನ್ಸನ್ ಕೂತಿದ್ದ. ಹೈಸ್ಕೂಲಿನ ಇತಿಹಾಸದ ಮೇಷ್ಟ್ರು, ಲಮಾಂಟನ ಗೆಳೆಯ. ಮೊದಲ ದಿನಗಳಲ್ಲಿ ಹಿರಿಯರು ಪರಸ್ಪರ ಜಗಳವಾಡುತ್ತಿದ್ದರು, ಸಾಮಾನ್ಯ ಭಕ್ತರೂ ಎದ್ದು 'ಒಪ್ಪುವುದಿಲ್ಲ' ಎನ್ನುತ್ತಿದ್ದರು ಎಂದು ಒಂದು ಲೇಖನ ಬರೆದಿದ್ದ. ಅದಕ್ಕೇ ಈ ವಿಚಾರಣೆ. ನಡವಳಿಯ ಪ್ರತಿಗಳನ್ನು ಅವನಿಗೆ ಕೊಟ್ಟವನು ಲಮಾಂಟ್. 'ಓದು, ಮಜವಾಗಿದೆ' ಎಂದಿದ್ದ.

"ಸೋದರ ಸ್ಟೆನ್ಸನ್, ಪ್ರತಿಗಳನ್ನ ಕೊಟ್ಟವರು ಯಾರು?" ಅಧ್ಯಕ್ಷ ಹಫಕರ್ ಕೇಳಿದರು. ವಾರದ ದಿನಗಳಲ್ಲಿ ಅವರು ದಂತವೈದ್ಯರು. ನೋವಾಗುವುದಿಲ್ಲ ಎನ್ನುವ ದನಿ.

"ನೆನಪಿಲ್ಲ."

"ನೆನಪು ಮಾಡ್ಕೊಳ್ಳಿ."

"ವಯಸ್ಸಾಯ್ತು ಅಧ್ಯಕ್ಷರೇ. ಬರೆದದ್ದು ಸುಳ್ಳಾ? ಅದನ್ನ ಹೇಳಿ."

"ಸುಳ್ಳು ಅಂತ ಯಾರಂದ್ರು? ಮನೆ ಮಾತನ್ನ ಬೀದಿಗೆ ತಂದಿರಿ, ಅಷ್ಟೆ."

ಲಮಾಂಟ್ ಮೇಜಿನ ಗೆರೆಗಳನ್ನು ನೋಡುತ್ತಿದ್ದ. ಇಂಥದೇ ಒಂದು ವಿಚಾರಣೆಯಲ್ಲಿ ಯಾರೋ ಎದ್ದು, 'ತಪ್ಪು ಇವನದಲ್ಲ, ಭಯ ನಮ್ಮದು' ಎಂದದ್ದನ್ನು ಅವನು ಹಳೆಯ ಹಾಳೆಯಲ್ಲಿ ಓದಿದ್ದ. ಅಂದು ತೀರ್ಪು ನಿಂತುಹೋಗಿತ್ತು. ಹೇಳಿದವನ ಹೆಸರಿನ ಮೇಲೆ ಶಾಯಿ ಹರಡಿತ್ತು.

ಲಮಾಂಟನ ಸರದಿ ಬಂತು. ಎದ್ದ.

"ಸೋದರ ಸ್ಟೆನ್ಸನ್ ಒಳ್ಳೆಯ ಮೇಷ್ಟ್ರು," ಎಂದ. "ಅವರನ್ನ ಪ್ರೀತಿಯಿಂದ ನಡೆಸಿಕೊಳ್ಳೋಣ."

ಕೂತ. ಎಲ್ಲರೂ ತಲೆದೂಗಿದರು. ಅವಮಾನವೇನೂ ಆಗಲಿಲ್ಲ, ನಿಯಮ ಪಾಲನೆಯಾಯಿತು.

ಆರ್ವಲ್‌ನನ್ನು ಪಂಥದಿಂದಲೇ ಹೊರಹಾಕುವುದೆಂದು ಅಧ್ಯಕ್ಷರು ತೀರ್ಪು ಹೇಳಿದರು.

"ಒಪ್ಪುವವರು ಬಲಗೈ ಎತ್ತಿ."

ಕೈಗಳು ಎದ್ದವು.

"ವಿರುದ್ಧ ಇರುವವರು?"

ಯಾಕೋ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಲಮಾಂಟ್ ತಲೆಯೆತ್ತಿ ನೋಡಿದ. ತನ್ನ ಕೈ ಇನ್ನೂ ಮೇಲೇ ಇತ್ತು.

"ಸೋದರ ಟಟಲ್?"

ಒಂದು ಕ್ಷಣ ಆ ಕೈ ಬೇರೆ ಯಾರದೋ ಅನ್ನಿಸಿತು. ಹಾಗೇ ಬಿಟ್ಟರೆ ಸಾಕಿತ್ತು.

"ಇಲ್ಲ, ಇಲ್ಲ. ಇಳಿಸೋದು ಮರೆತೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಆರ್ವಲ್.

ಹೊರಗೆ ಬೆಂಚಿನ ಮೇಲೆ ಆರ್ವಲ್‌ನ ಹೆಂಡತಿ ನೆಲ್ಡಾ ಕೈಚೀಲ ಅವುಚಿಕೊಂಡು ಕೂತಿದ್ದಳು. ಮಾರ್ಮನ್ನರ ನಂಬಿಕೆಯಂತೆ ಅವರ ಗುಡಿಯಲ್ಲಿ ಆದ ಮದುವೆ, ಮಕ್ಕಳ ನಂಟು ಪರಲೋಕಕ್ಕೂ ಸಲ್ಲುತ್ತದೆ, ಹೊರಹಾಕಿದವನಿಗೆ ಸಲ್ಲುವುದಿಲ್ಲ. ಆರ್ವಲ್ ದಂಪತಿಯ ಮಗಳು ಲೊರೀನ್ ಒಂಬತ್ತು ವರ್ಷದವಳಾಗಿದ್ದಾಗ ತೀರಿಕೊಂಡಿದ್ದಳು.

"ಲಮಾಂಟ್, ನೀನು ಓದಿದವನು, ಹೇಳಪ್ಪ," ಎಂದಳು. "ಅಲ್ಲಿ ಹೋದ ಮೇಲೆ ಮಗು 'ಅಪ್ಪ ಎಲ್ಲಮ್ಮಾ' ಅಂದ್ರೆ ನಾನೇನು ಹೇಳ್ಲಿ?"

"ಮೇಲ್ಮನವಿ ಕೊಡಬಹುದು," ಎಂದ ಲಮಾಂಟ್.

ಅವಳು ಅವನನ್ನು ನೋಡಿದಳು. ಎದ್ದು ಕಾರಿನ ಕಡೆ ನಡೆದಳು.

ಕಾರುಗಳ ಅಂಗಳದಲ್ಲಿ ರಾತ್ರಿ ಬಿದ್ದ ಹಿಮ ಕರಗಿ ಟಾರು ಹೊಳೆಯುತ್ತಿತ್ತು. ಆರ್ವಲ್ ಕಾರಿನ ಗಾಜು ಒರೆಸುತ್ತಿದ್ದ.

"ಆರ್ವಲ್, ನಾನು..."

"ಸುಮ್ನಿರಯ್ಯ. ನೆನಪಿಲ್ಲ ಅಂದೆನಲ್ಲ." ಬಾಗಿಲು ತೆಗೆದ. "ನೀನು ಭುಜ ನೋವು ಅಂತಿದ್ದೆ. ಪರವಾಗಿಲ್ಲ, ಕೈ ಚೆನ್ನಾಗೇ ಏಳುತ್ತೆ."

ಕಾರು ಹೋಯಿತು. ಅದು ನಿಂತಿದ್ದ ಜಾಗದ ಪಕ್ಕದಲ್ಲಿ ಒಂದು ಕಪ್ಪು ನೀರುಹಕ್ಕಿ ಕೂತಿತ್ತು. ಉಪ್ಪಿನ ಸರೋವರದಿಂದ ದಕ್ಷಿಣಕ್ಕೆ ಹೊರಟ ಈ ಹಕ್ಕಿಗಳು ಮಂಜಿನಲ್ಲಿ ದಾರಿ ತಪ್ಪಿ, ಒದ್ದೆ ಟಾರನ್ನು ನೀರೆಂದು ತಿಳಿದು ಇಳಿದುಬಿಡುತ್ತವೆ. ನೀರಿನ ಮೇಲೆ ಓಡದೆ ಅವಕ್ಕೆ ಮತ್ತೆ ಏಳಲು ಬರುವುದಿಲ್ಲ.

ಲಮಾಂಟ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಬಿಸಿಯಾಗಿತ್ತು. ಅದರ ಎದೆ ಹುಚ್ಚುಹುಚ್ಚಾಗಿ ಬಡಿಯುತ್ತಿತ್ತು. ಊರಾಚೆ ಕೆರೆಯೊಂದಿತ್ತು, ಕಾರಿನಲ್ಲಿ ಹೋದರೆ ದೂರವೇನಲ್ಲ.

ಬೆಳಗಿನ ಆರಾಧನೆಗೆ ಜನ ಬಂದು ಸೇರಿದ್ದರು. "ರೀ, ಅಲ್ಲೇನು ಮಾಡ್ತಿದೀರಿ? ಹಾಡು ಶುರುವಾಯ್ತು," ಬಾಗಿಲಿನಿಂದ ಹೆಂಡತಿ ಕೂಗಿದಳು.

"ಬಂದೆ."

ಹಕ್ಕಿಯನ್ನು ಮೆಲ್ಲಗೆ ಕೆಳಗಿಟ್ಟ. ಅದು ಕತ್ತು ನೆಟ್ಟಗೆ ಮಾಡಿಕೊಂಡು, ಟಾರಿನ ಮೇಲೆ ಕಾಲು ಬಡಿಯುತ್ತ ಈಜತೊಡಗಿತು.