ಹೂಂಗುಟ್ಟದ ಸಾಲು

ಸ್ಪಿರಿಟ್ಟಿನ ವಾಸನೆ, ಅದರ ಹಿಂದೆಯೇ ಸಾಂಬಾರಿನದು, ಪಕ್ಕದ ಬೆಂಚಿನಲ್ಲಿ ಯಾರೋ ಡಬ್ಬಿ ಬಿಚ್ಚಿದ್ದಾರೆ, ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿಕೊಂಡಿದೆ, ಅಮ್ಮನನ್ನು ಒಳಗೆ ತಳ್ಳಿಕೊಂಡು ಹೋದ ಸ್ಟ್ರೆಚರಿನ ಗಾಲಿ ಮಾತ್ರ ಇನ್ನೂ ನನ್ನ ಕಿವಿಯಲ್ಲಿ ಕೀಚುಗುಡುತ್ತಿದೆ, ನಮ್ಮ ಕಾಲೇಜಿನ ಲ್ಯಾಬಿನ ಬಿಳಿ ಇಲಿಗಳ ಹಾಗೆ, ಮಲಗಿದ್ದವಳು ಸುಮ್ಮನಿದ್ದಳೇ, ಹೋಗುತ್ತ ಹೋಗುತ್ತ ಪದ ಎತ್ತಿದಳು, ನಟ್ಟ ನಡುಹೊಳೆಯಲ್ಲಿ ತಾಯಿ ನಿಂತಾಳೆ, ಹುಟ್ಟು ಕೈಜಾರಿ ತಿರುಗೈತೆ ಪರಿಸಲು — ನನ್ನ ಮುಖ ನೋಡಿದಳು, ನಾನು ಗಾಲಿ ನೋಡುತ್ತಿದ್ದೆ, ಬಾಗಿಲು ಮುಚ್ಚಿತು, ನಾನು ಹೂಂ ಅನ್ನಲಿಲ್ಲ. ಹೂಂ ಅನ್ನದೆ ಅಮ್ಮ ಮುಂದಿನ ಸಾಲಿಗೆ ಹೋದದ್ದೇ ಇಲ್ಲ, ತಮಿಳು ಸೀಮೆಯ ನಮ್ಮ ಮೇಚೇರಿಯ ಮನೆಯಲ್ಲಿ ಕುರಿಗಳು ಕೊಟ್ಟಿಗೆ ಸೇರಿದ ಮೇಲೆ ದೀಪದ ಮುಂದೆ ಕೂತು ಮಾರಿಯಮ್ಮನ ಪದ ಹೇಳುವಾಗ ಸಾಲು ಸಾಲಿಗೂ ಹೂಂಗುಟ್ಟುವುದು ನನ್ನ ಕೆಲಸ, ತೂಕಡಿಸಿ ತಪ್ಪಿದರೆ ಅಲ್ಲೇ ನಿಲ್ಲುತ್ತಿದ್ದಳು, ಊಂ ಅನ್ಲಾ ಮುನಿಯಾ, ದ್ಯಾವ್ರನ್ನ ನೀರಾಗೆ ನಿಲ್ಸ್‌ಬುಟ್ಟು ಒರಗ್ತೀಯಲ್ಲಾ.

ಈಗಲೂ ನೀರಲ್ಲೇ ನಿಲ್ಲಿಸಿದ್ದೇನೆ, ದುಂಡನೆಯ ಪರಿಸಲು, ತೊಗಲಿನ ಹರಿಗೋಲು, ಹೊಗೆನಕಲ್ಲಿನ ಸುಳಿಯಲ್ಲಿ ಕಂಡಂಥದು, ತಿರುಗುತ್ತಿದೆ, ದಡ ಬರುತ್ತದೆ, ಹೋಗುತ್ತದೆ. ಹೊಟ್ಟೆಯ ಗಡ್ಡೆ ತೆಗೆಸಲೇಬೇಕು ಎಂದು ಡಾಕ್ಟರು ಹೇಳಿದಾಗ ಅವಳು ಕತ್ತಿಗೆ ಹೆದರಲಿಲ್ಲ, ಹೆದರಿದ್ದು ಮೈಮರೆಸುವ ಸೂಜಿಗೆ, ಆ ಮಯಕ್ಕದ ಸೂಜಿ ಆಕುದ್ರೆ ನನ್ ಪದಯೆಲ್ಲಾ ಓಗ್ಬುಟ್ರೆ, ಎಲ್ಲೂ ಬರೆದಿಟ್ಟಿಲ್ವಲ್ಲಾ, ಬಾಯಾಗೇ ಐತೆ, ಪದ ಓಗ್ಬುಟ್ಟ ಮ್ಯಾಕೆ ಗಡ್ಡೆ ಇದ್ರೇನು ಓಗಿದ್ರೇನು. ಹೋಗುವುದಿಲ್ಲ ಎಂದು ಮಾತು ಕೊಟ್ಟವನು ನಾನು, ಇಲಿಗಳನ್ನು ನಂಬಿಕೊಂಡು. ಲ್ಯಾಬಿನಲ್ಲಿ ನಾವು ಇಲಿಗಳಿಗೆ ಕೊಡುವುದೂ ಅದೇ ಮದ್ದು, ಕೆಟಮಿನ್, ಇಲಿಯ ಮಿದುಳಲ್ಲಿ ನೆನಪಿನ ಜಾಗಕ್ಕೆ ಕೂದಲಿನಂಥ ತಂತಿ ಇಳಿಸಿದ್ದೇವೆ, ಒಂದು ಕಡೆ ಚೂರು ಕರೆಂಟಿನಿಂದ ತಟ್ಟಿದರೆ ಇನ್ನೊಂದು ಕಡೆ ಓಗೊಡುತ್ತದೆ, ಪರದೆಯ ಮೇಲೆ ಹಸಿರು ಅಲೆ ಏಳುತ್ತದೆ, ಬಿಡದೆ ತಟ್ಟಿದರೆ ಅಲೆ ದೊಡ್ಡದಾಗಿ ಹಾಗೇ ಉಳಿಯುತ್ತದೆ, ಕಲಿಯುವುದೆಂದರೆ ಅಷ್ಟೇ ಇರಬೇಕು, ಗಟ್ಟಿಯಾಗುವ ಒಂದು ಹೂಂ. ಮದ್ದು ಏರಿದಾಗ ಎಷ್ಟು ತಟ್ಟಿದರೂ ಅಲೆ ಬೆಳೆಯುವುದಿಲ್ಲ, ಆದರೆ ಮೊದಲೇ ಬೆಳೆದದ್ದು ಕುಗ್ಗುವುದೂ ಇಲ್ಲ, ಮದ್ದು ಇಳಿದ ಮಾರನೆಯ ದಿನ ತಟ್ಟಿದಾಗ ಮತ್ತೆ ಬೆಳೆಯಿತು, ನಮ್ಮ ಲ್ಯಾಬಿನ ಶಿವರಾಮನ್ ಸಾರ್ ಕುರ್ಚಿಯಿಂದ ಎದ್ದೇಬಿಟ್ಟರು, ಪಾರುಪ್ಪಾ, ತಿರುಂಬಿ ವಂದುಡುಚ್ಚು, ಮರಳಿ ಬಂತು. ಅದನ್ನೇ ಅಮ್ಮನಿಗೆ ಹೇಳಿದೆ, ಕೇಳಿ ನಕ್ಕಳು, ಇಲಿಗೆ ಏನ್ ಪದ ಬರ್ತಿತ್ತುಲಾ ಮರೆಯಾಕೆ, ನಾನೂ ನಕ್ಕೆ, ಆಮೇಲೆ ನಗು ಬರಲಿಲ್ಲ, ಇಲಿ ಇಲಿಯೇ, ಮಾರಿಯಮ್ಮ ತಾಯೀ, ನಿನ್ನ ಪದ ನೀನೇ ಕಾಯಬೇಕು.

ಬಾಗಿಲು, ಗಾಲಿ, ಬಿಳಿ ಹೊದಿಕೆ, ಗಡ್ಡೆ ಪೂರ್ತಿ ಬಂತಂತೆ, ಭಯವಿಲ್ಲವಂತೆ, ವಾರ್ಡಿಗೆ ತಂದು ಮಲಗಿಸಿ ಎಷ್ಟೋ ಹೊತ್ತಾಗಿದೆ, ಕಿಟಕಿಯ ಬಿಸಿಲು ಮಂಚದ ಕಾಲಿಗೆ ಬಂದಿದೆ, ಅಮ್ಮನ ಕಣ್ಣು ತೆರೆದಿವೆ, ಗುಡ್ಡೆಗಳು ಅತ್ತ ಇತ್ತ ಅಲೆಯುತ್ತಿವೆ, ಯಾರ ಮೇಲೂ ನಿಲ್ಲುತ್ತಿಲ್ಲ. ನರ್ಸ್ ಪೂಂಗೊಡಿ ಕೆನ್ನೆ ತಟ್ಟಿದಳು, ಪಾಟಿಮ್ಮಾ, ಉಂಗ ಪೇರು ಎನ್ನ, ಹೆಸರು ಕೇಳಿದರೆ ಮಾತಿಲ್ಲ, ಇದು ಯಾರು ತೆರಿಯುದಾ, ಗೊತ್ತಾಯಿತೇ ಎಂದು ನನ್ನನ್ನು ತೋರಿಸಿದಳು, ಅಮ್ಮ ನನ್ನನ್ನು ಗೋಡೆ ನೋಡುವ ಹಾಗೆ ನೋಡಿದಳು, ಸಿದ್ದಲಕ್ಷ್ಮಮ್ಮ ಎಂಬ ಹೆಸರೇ ಹೋಗಿದೆಯೇ, ಹೆಸರು ಹೋದರೆ ಪದ, ನಾನು ಕೊಟ್ಟ ಮಾತು — ಕೊಂಜ ನೇರಂ ಆಗುಂ ಅಣ್ಣಾ, ಸ್ವಲ್ಪ ಹೊತ್ತು ಬೇಕು, ಅಳಬೇಡಿ ಎಂದು ಪೂಂಗೊಡಿ ಹೋದಳು, ಅಳುತ್ತಿದ್ದೆನೇ, ಮುಂದಿನ ಸಾಲು ನನಗೆ ಗೊತ್ತು, ನಾನೇ ಎತ್ತಿಕೊಡಲೇ, ಕೂಡದು, ಕೇಳುವವನು ಪದ ಹೇಳುವ ಹಾಗಿಲ್ಲ, ಕೇಳುವವನದು ಒಂದೇ, ಅದನ್ನು ನಾನು ಇನ್ನೂ ಕೊಟ್ಟೇ ಇಲ್ಲ, ಅವಳು ಅಲ್ಲೇ ಕಾದಿರಬಹುದು, ಬಾಗಿಲ ಆಚೆಯಿಂದ ಇಲ್ಲಿಯವರೆಗೂ, ಕಿವಿಯ ಹತ್ತಿರ ಬಗ್ಗಿದೆ, ಹೂಂ ಅಂದೆ. ಗುಡ್ಡೆಗಳು ನಿಂತವು. ಒಣ ತುಟಿ ಬಿಡಿಸಿಕೊಂಡಿತು, ಈಗ್ ಬಂತಾ ನಿಂಗೆ ಊಂ, ಅಂದಳು, ಉಸಿರಿನಷ್ಟೇ ದನಿ, ಆಮೇಲೆ, ತಿರುಗಿದ ಪರಿಸಲು ತಿರುತಿರುಗಿ ಬಂದು, ಮರಳ ಮುಟ್ಟೈತೆ ಮೆಲ್ಲಗೆ — ಹೂಂ, ಹೂಂ ಅಮ್ಮಾ, ಅವಳು ಮತ್ತೆ ಕಣ್ಣು ಮುಚ್ಚಿದಳು, ನಿದ್ದೆ, ಬರೀ ನಿದ್ದೆ, ಪರಿಸಲು, ಒದ್ದೆ ಮರಳು, ಮರಳಿಗೆ ತಾಗಿ ನಿಂತ ಅದರ ದುಂಡನೆಯ ಅಂಚು